ಬಾಲದ ಗುಂಡಿಗೆ ಹೇಳಬಾರದ ಮಾತು

ಫೆಬ್ರವರಿ 3, ಸಂಜೆ

ಇವತ್ತೂ ಎಲ್ಲಾ ಹೋದವು. ಒಂದು ಗುಂಡೂ ಕೈಕೊಡಲಿಲ್ಲ. ಕೈಕೊಟ್ಟಿದ್ದು ನನ್ನ ಗಂಟಲು. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿ ಕೂತಿದ್ದೇನೆ.

ಇದೂ ಒಂದು ಕೆಲಸ ಅಂದರೆ ಯಾರೂ ನಂಬುವುದಿಲ್ಲ. ಗುಂಡು ಪರೀಕ್ಷಿಸುವ ಈ ರೇಂಜಿನಲ್ಲಿ ಬೆಳಿಗ್ಗೆಯಿಂದ ಮೈಕಿನ ಮುಂದೆ ಕೂತು ಒಂದೇ ಮಾತು — ‘ಹೋಗು’. ಫಿರಂಗಿ ಮಾವ ಗುಂಡು ತುಂಬುತ್ತಾರೆ. (ಇಲ್ಲಿನ ಹಳೇ ಆಸಾಮಿ. ಯಾರಿಗೂ ಮಾವನಲ್ಲ, ಆದರೂ ಎಲ್ಲರಿಗೂ ಮಾವ.) ಫಿರಂಗಿ ಅದನ್ನು ಮೆತ್ತಗೆ ಉಗುಳುತ್ತದೆ. ಗುಂಡು ಮೇಲೇರಿ, ತೇಲುತ್ತಾ, ಒಂದು ಗಳಿಗೆ ನನ್ನ ಮಾತಿಗೆ ಕಾಯುತ್ತದೆ. ‘ಹೋಗು’ ಅಂದೆನೋ, ಬಾಲ ಹೊತ್ತಿಕೊಂಡು ರಾಕೆಟ್ಟಾಗಿ ಗುಡ್ಡದಾಚೆ ಮಾಯ. ಕಾಗದಪತ್ರದಲ್ಲಿ ಅದಕ್ಕೆ ಅರ್ಧ ಸಾಲು ಉದ್ದದ ಹೆಸರಿದೆ. ನಮಗೆ ಬಾಲದ ಗುಂಡು.

ಸ್ವಿಚ್ ಯಾಕಿಲ್ಲ ಅಂತ ಬಂದವರೆಲ್ಲಾ ಕೇಳುತ್ತಾರೆ. ಹಿಂದಿನ ಯುದ್ಧದಲ್ಲಿ ಫಿರಂಗಿಗಳು ತಾವೇ ತೀರ್ಮಾನ ಮಾಡಿ ಹೊಡೆದವು. ಯಾರ ಮೇಲೆ ಅಂತ ಆಮೇಲೆ ಗೊತ್ತಾಯಿತು. ಅದಕ್ಕೇ ಕಾನೂನು ಬಂತು — ಮನುಷ್ಯ ಬಾಯಿಬಿಟ್ಟು ಹೇಳದೆ ಯಾವ ಗುಂಡೂ ಹೋಗಕೂಡದು. ಬೆರಳು ಜಾರಬಹುದು, ಬಾಯಿ ಜಾರುವುದಿಲ್ಲ ಅಂತ ಅವರ ಎಣಿಕೆ. ಬಾಯಿಯ ವಿಷಯ ಅವರಿಗೆ ಅಷ್ಟು ಗೊತ್ತಿದ್ದ ಹಾಗಿಲ್ಲ.

ಗುಂಡಿಗೂ ಒಂದು ಮಾತು ಬರುತ್ತದೆ. ತುಂಬುವ ತಟ್ಟೆಯಲ್ಲಿ ಇಟ್ಟ ಕೂಡಲೇ ‘ಸಿದ್ಧ’ ಅನ್ನುತ್ತದೆ. ಅದೂ ನನ್ನದೇ ದನಿ, ರೆಕಾರ್ಡ್ ಮಾಡಿಕೊಂಡಿದ್ದಾರೆ. ಸಿದ್ಧ ಅನ್ನುವವಳೂ ನಾನೇ, ಹೋಗು ಅನ್ನುವವಳೂ ನಾನೇ. ಇಡೀ ದಿನ ನನ್ನ ಜೊತೆ ನಾನೇ ಮಾತಾಡಿಕೊಂಡು ಸಂಬಳ ತಗೊಳ್ಳುತ್ತೇನೆ.

ಮಗಳ ಫೋನ್ ಇಲ್ಲ.


ಫೆಬ್ರವರಿ 4, ಸಂಜೆ

ಕ್ವಾರ್ಟರ್ಸ್‌ನ ಈ ಸಾಲಿನಲ್ಲಿ ದೀಪ ಇರುವುದು ನನ್ನ ರೂಮಿಗೆ ಮಾತ್ರ. ಪಕ್ಕದ್ದು ಖಾಲಿ, ಅದರ ಪಕ್ಕದ್ದೂ ಖಾಲಿ. ಒಂದು ಮಂಚ, ಒಂದು ಸ್ಟೌ, ಗೋಡೆಯಲ್ಲಿ ಇಲಾಖೆಯ ಫೋನು. ಆ ಫೋನಿಂದ ಹೊರಗೆ ಮಾಡುವ ಹಾಗಿಲ್ಲ, ಬಂದರೆ ಎತ್ತಬಹುದು. ಬೇಕಾದ ಸುದ್ದಿ, ಬೇಡದ ಸುದ್ದಿ, ಎಲ್ಲಾ ಅದರಲ್ಲೇ ಬರಬೇಕು.

ಮೊದಲು ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸರ್ ಆಗಿದ್ದೆ. ಯುದ್ಧ ಬಂದು ರೈಲು ನಿಂತವು. ನನ್ನ ದನಿ ಎಲ್ಲಾ ಗದ್ದಲದಲ್ಲೂ ಸ್ಪಷ್ಟ ಅಂತ ಇಲ್ಲಿಗೆ ಹಾಕಿದರು. ಅಲ್ಲಿ ಕಳಿಸಿದ್ದೆಲ್ಲಾ ಸಂಜೆಗೆ ವಾಪಸ್ಸು ಬರುತ್ತಿತ್ತು. ತಡವಾಗಿಯಾದರೂ.

ಮನೆಯಲ್ಲಿ ‘ಹೋಗು’ ಅನ್ನುವ ಮಾತೇ ಇರಲಿಲ್ಲ. ಹೊರಡುವವರು ‘ಬರ್ತೀನಿ’ ಅನ್ನಬೇಕು, ಕಳಿಸುವವರು ‘ಹೋಗಿ ಬಾ’ ಅನ್ನಬೇಕು. ಎಲ್ಲರ ಮನೆಯಲ್ಲೂ ಇದ್ದದ್ದೇ. ನಾನು ಸ್ವಲ್ಪ ಅತಿ ಮಾಡಿದೆ. ಮಗಳು ಅದನ್ನೇ ಕಚ್ಚಿಕೊಂಡಳು. ರೈಲಿಗೆ ಹೋಗಿ ಬಾ. ಬಚ್ಚಲಲ್ಲಿ ಇಳಿದುಹೋಗುವ ನೀರಿಗೆ ಹೋಗಿ ಬಾ. ಬಿದ್ದ ಹಲ್ಲಿಗೂ ಹೋಗಿ ಬಾ ಅಂದಳು. ಅದಂತೂ ಹೇಳಿದ ಮಾತು ಕೇಳಿತು, ಮತ್ತೆ ಬಂತು.

ಅವಳ ಅಪ್ಪನಿಗೂ ಕೊನೆಯ ಸಲ ಹೊರಟ ಬೆಳಿಗ್ಗೆ ‘ಹೋಗಿ ಬನ್ನಿ’ ಅಂತಲೇ ಹೇಳಿದ್ದೆ. ಬರಲಿಲ್ಲ. ಆ ಮಾತಿನಲ್ಲಿ ಶಕ್ತಿಯೇನೂ ಇಲ್ಲ ಅಂತ ಅವತ್ತೇ ಗೊತ್ತಾಯಿತು. ಆದರೂ ಬಿಡಲು ಆಗಲಿಲ್ಲ.


ಫೆಬ್ರವರಿ 8, ಭಾನುವಾರ

ಫೋನ್ ಬಂತು! ಪಿಟೀಲು. (ಹುಟ್ಟಿದಾಗ ಸಣ್ಣ ದನಿಯಲ್ಲಿ ಎಳೆದೆಳೆದು ಅಳುತ್ತಿದ್ದಳು. ಅಪ್ಪ ಇಟ್ಟ ಹೆಸರು. ಈಗ ಏಳನೇ ತುಕಡಿಯಲ್ಲಿ ಫಿರಂಗಿ ನಡೆಸುತ್ತಾಳೆ, ಹೆಸರು ಮಾತ್ರ ಹಾಗೇ ಉಳಿಯಿತು.) ಶೀತವಂತೆ. ಸಾಕ್ಸ್ ಒಣಗುವುದಿಲ್ಲವಂತೆ. ಊಟ ಹೇಗೆ ಅಂದರೆ ಬಿಸಿಯಾಗಿರುತ್ತೆ ಅಂದಳು, ಅಂದರೆ ರುಚಿ ಇಲ್ಲ. ಅವರಿಗೂ ಬಾಲದ ಗುಂಡು ಬರುತ್ತವೆಯಂತೆ, ಮೊದಲ ಕಂತು ಅವರಿಗೇ. ನಿನ್ನ ದನಿ ಕೇಳ್ತೀನಿ ಬಿಡು ಅಂದಳು. ನಕ್ಕಳು. ನಾನೂ ನಕ್ಕೆ.

ಬರ್ತೀನಮ್ಮಾ ಅಂದಳು. ಹೋಗಿ ಬಾ ಅಂದೆ. ಲೈನ್ ಹೋದ ಮೇಲೂ ರಿಸೀವರ್ ಹಿಡಿದು ನಿಂತಿದ್ದೆ. ಚಹಾ ಉಕ್ಕಿ ಸ್ಟೌ ಆರಿತು.


ಫೆಬ್ರವರಿ 9

ಅನಾಹುತ. ಆದರೂ ನಗು ಬರುತ್ತಿದೆ.

ಮಧ್ಯಾಹ್ನದ ಸರದಿ. ಮನಸ್ಸೆಲ್ಲಾ ನಿನ್ನೆಯ ಫೋನಿನಲ್ಲಿತ್ತು. ಗುಂಡು ಮೇಲೇರಿ ಕಾಯುತ್ತಿತ್ತು. ಬಾಯಿ ತಪ್ಪಿ ಬಂದೇಬಿಟ್ಟಿತು — ‘ಹೋಗಿ ಬಾ’.

ಹೋಯಿತು. ಗುಡ್ಡದ ನೆತ್ತಿ ತನಕ ಹೋಗಿ, ದೊಡ್ಡದೊಂದು ಸುತ್ತು ಹಾಕಿ, ಹೇಳಿದ ಮಾತಿನಂತೆ ಬಂತು. ನೇರ ನಮ್ಮ ಕಡೆಗೇ. ಫಿರಂಗಿ ಮಾವ ಕಾಲಿಗೆ ಬುದ್ಧಿ ಹೇಳಿದರು. ಆ ವಯಸ್ಸಿನಲ್ಲಿ ಅಂಥ ಓಟ ನಾನು ನೋಡಿಲ್ಲ. ಗುಂಡು ಮರಳು ಚೀಲಗಳಿಗೆ ಬಡಿದು, ಹೊಗೆಯಾಡಿ, ಸುಮ್ಮನಾಯಿತು. ಪರೀಕ್ಷೆಯದ್ದು, ಹೊಟ್ಟೆಯಲ್ಲಿ ಮದ್ದಿರಲಿಲ್ಲ. ಮಾವನ ಕಟ್ಟಿದ ಹಲ್ಲು ಮರಳಲ್ಲಿ ಬಿದ್ದು ಸಂಜೆವರೆಗೆ ಜರಡಿ ಹಿಡಿದೆವು.

ರೇಂಜ್ ಸಾಹೇಬರು ಕರೆದು ಉಗಿದರು. ತಲೆ ತಗ್ಗಿಸಿ ನಿಂತಿದ್ದೆ. ಒಳಗೆ ಮಾತ್ರ... ಬರೆದರೇನು, ಯಾರು ಓದುತ್ತಾರೆ. ಖುಷಿಯಾಗಿತ್ತು. ಇಲ್ಲಿಗೆ ಬಂದ ಮೇಲೆ ಕಳಿಸಿದ್ದೊಂದು ತಿರುಗಿ ಬಂದದ್ದು ಇದೇ ಮೊದಲು.


ಫೆಬ್ರವರಿ 10

ಶಿಕ್ಷೆ. ಶಾಲೆ ಹುಡುಗಿಯ ಹಾಗೆ ಆಫೀಸಿನಲ್ಲಿ ಕೂತು ಹಾಳೆ ತುಂಬಾ ‘ಹೋಗು’ ಬರೆದೆ. ಕೈಗೆ ಕಲಿಸಿದರೆ ನಾಲಿಗೆ ತಾನೇ ಕಲಿಯುತ್ತದೆ ಅಂತ ಸಾಹೇಬರ ಸಿದ್ಧಾಂತ. ನಾಲ್ಕನೇ ಹಾಳೆಯಲ್ಲಿ ‘ಹೋಗಿ’ ಅಂತ ಬರೆದುಬಿಟ್ಟು ‘ಗಿ’ಯನ್ನು ‘ಗು’ ಮಾಡಿದೆ. ಯಾರೂ ನೋಡಲಿಲ್ಲ.

ಗುಂಡು ತಯಾರಿಸಿದ ಆಫೀಸಿನಿಂದ ಯಾರೋ ಇಂಜಿನಿಯರ್ ಬರುತ್ತಾರಂತೆ.


ಫೆಬ್ರವರಿ 13, ಸಂಜೆ

ಇಂಜಿನಿಯರಮ್ಮ ಬಂದಿದ್ದಾಳೆ. ನನ್ನ ಪಿಟೀಲಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಪಕ್ಕದ ರೂಮು ಅವಳಿಗೆ. ಗೋಡೆಯಾಚೆ ಒಂದು ಬಕೆಟ್ ಎಳೆದ ಸದ್ದು ಕೇಳಿ ಎಷ್ಟು ದಿನವಾಗಿತ್ತು. ಬಂದವಳೇ ‘ಮೇಡಂ’ ಅಂದಳು, ಊಟದ ಹೊತ್ತಿಗೆ ‘ಅಕ್ಕಾ’ ಆಯಿತು.

ಅವತ್ತು ನಾನು ‘ಹೋಗಿ ಬಾ’ ಅಂದದ್ದರ ರೆಕಾರ್ಡಿಂಗ್ ಕೇಳಿದಳು. ಮೊದಲು ನಕ್ಕಳು. ಇನ್ನೊಮ್ಮೆ ಕೇಳಿದಳು. ಆಮೇಲೆ ನಗಲಿಲ್ಲ.

ಅವಳು ಬಿಡಿಸಿ ಹೇಳಿದ್ದು ಇಷ್ಟು. ‘ಹೋಗು’ ಅಂದರೆ ಬಾಲ ಹೊತ್ತಿಕೊಳ್ಳುತ್ತದೆ, ಹೊಟ್ಟೆಯ ಮದ್ದು ಎಚ್ಚರಗೊಳ್ಳುತ್ತದೆ. ‘ಬಾ’ ಅನ್ನುವುದು ಮನಸ್ಸು ಬದಲಾಯಿಸುವವರಿಗೆ. ‘ಹೋಗು’ ಅನ್ನುವ ಮುಂಚೆ ‘ಬಾ’ ಅಂದರೆ ಗುಂಡು ಮಲಗಿದ ಮದ್ದಿನ ಸಮೇತ ವಾಪಸ್ಸು ಬಂದು ಫಿರಂಗಿಯ ಪಕ್ಕ ಬೀಳುತ್ತದೆ, ಎತ್ತಿಟ್ಟುಕೊಳ್ಳಬಹುದು. ಹೋಗೋ, ಹೋಗೇ, ಹೋಗ್ರಿ — ಯಾರು ಹೇಗೆ ಹೇಳಿದರೂ ತಿಳಿಯಲಿ ಅಂತ ಗುಂಡಿಗೆ ‘ಹೋಗ್’ ಅನ್ನುವ ಬೇರನ್ನೇ ಕಲಿಸಿದ್ದಾರೆ. ಹಾಗಾಗಿ ‘ಹೋಗಿ ಬಾ’ ಅಂದರೆ ಎರಡು ಅಪ್ಪಣೆ. ಮದ್ದು ಎಚ್ಚರಿಸಿಕೊಂಡು ಹೋಗುತ್ತದೆ. ಎಚ್ಚರವಾದ ಮದ್ದಿನೊಂದಿಗೇ ಕಳಿಸಿದವರ ಹತ್ತಿರ ಬರುತ್ತದೆ.

“ನಾನೂ ದಿನಾ ಮನೇಲಿ ಹೋಗಿ ಬಾ ಅನ್ನೋಳೇ ಅಕ್ಕಾ,” ಅಂದಳು. “ಗುಂಡಿಗೆ ಯಾರಾದ್ರೂ ಹಾಗನ್ತಾರೆ ಅಂತ ಹೊಳೀಲೇ ಇಲ್ಲ.”

ಮೊದಲ ಕಂತು ಎಲ್ಲಿದೆ ಅಂತ ಕೇಳಿದೆ. ಹೊರಟಾಗಿದೆಯಂತೆ. ಏಳನೇ ತುಕಡಿಗೆ. ರೈಲು, ಬಚ್ಚಲ ನೀರು, ಬಿದ್ದ ಹಲ್ಲು, ಎಲ್ಲಾ ಹೇಳಿದೆ. ಜಗತ್ತಿನಲ್ಲಿ ಯಾರು ಹೇಳದಿದ್ದರೂ ನನ್ನ ಪಿಟೀಲು ಹೇಳುತ್ತಾಳೆ. ನಾನೇ ಕಲಿಸಿದ್ದು. ಇಂಜಿನಿಯರಮ್ಮ ನನ್ನ ಕೈ ಹಿಡಿದುಕೊಂಡು ಕೂತಳು, ಅವಳ ಕೈಯೂ ತಣ್ಣಗಿತ್ತು.


ಫೆಬ್ರವರಿ 14

ಸಾಹೇಬರು ಮುಂಚೂಣಿಗೆ ವೈರ್‌ಲೆಸ್ ಮಾಡಿದರು. ಕಂತನ್ನು ಮುಟ್ಟಬೇಡಿ ಅಂತ. ಉತ್ತರ ಬಂತು — ಬೇರೆ ಗುಂಡಿಲ್ಲ, ಇದನ್ನೇ ಬಳಸುತ್ತೇವೆ. ಗುಂಡಿನ ತಲೆ ಬದಲಾಯಿಸಬೇಕೆಂದರೆ ಕಾರ್ಖಾನೆಗೇ ಬರಬೇಕು. ಸರಿಪಡಿಸಿದ ಹೊಸ ಕಂತು ತಯಾರಾಗಲು ಒಂದು ತಿಂಗಳ ಮೇಲೆ ಬೇಕು.

ಸರಿ, ‘ಹೋಗು’ ಮಾತ್ರ ಹೇಳತಕ್ಕದ್ದು ಅಂತ ಆದೇಶ ಹೊರಡಿಸಿದರು. ಆದೇಶ ಸಾಕು ಅಂತ ಅವರು. ಸಾಲದು ಅಂತ ನಾನು. ಇಂಜಿನಿಯರಮ್ಮ ಇಬ್ಬರ ಮುಖ ನೋಡಿ, ನಾಳೆ ಪರೀಕ್ಷೆ ಮಾಡೋಣ ಅಂದಳು.

ಮಗಳಿಗೆ ನಾನೇ ಹೇಳಿಬಿಡುತ್ತೇನೆ ಅಂದರೆ ಫೋನ್ ಬರಬೇಕಲ್ಲ. ಊಟ ಮಾಡುವಾಗಲೂ ರೂಮಿನ ಬಾಗಿಲು ತೆರೆದೇ ಇಟ್ಟಿದ್ದೆ.


ಫೆಬ್ರವರಿ 15

ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಸಾಹೇಬರು, ಮಾವ, ಕ್ಯಾಂಟೀನಿನವನು, ಗೇಟಿನ ಕಾವಲುಗಾರ. ಕೈಗೆ ಮೈಕು. ಆದೇಶ ಓದಿ ಹೇಳಿದರು. ಎಲ್ಲರೂ ಒಬ್ಬೊಬ್ಬರಾಗಿ ‘ಹೋಗು’ ಅಂದರು, ಒಪ್ಪಿಸಿದ ಹಾಗೆ. ಸಾಹೇಬರು ನನ್ನ ಕಡೆ ನೋಡಿದ ರೀತಿ!

ಆಮೇಲೆ ಇಂಜಿನಿಯರಮ್ಮ ಸೈರನ್ ಹಾಕಿಸಿದಳು. ಮದ್ದೂ ಇಲ್ಲದ, ಹಾರಲೂ ಹಾರದ ಗುಂಡು, ಭಾರ ಮಾತ್ರ ನಿಜದ್ದರಷ್ಟೇ. ಹೊತ್ತು ತರಬೇಕು, ತುಂಬಬೇಕು, ಓಡಿ ಬಂದು ಮೈಕಿಗೆ ಹೇಳಬೇಕು, ಮತ್ತೆ ಇನ್ನೊಂದು. ಮೂರನೇ ಸುತ್ತಿಗೆ ಮಾವ ಬೆವರು ಒರೆಸಿಕೊಳ್ಳುತ್ತಾ, “ಹೋಗಿ ಬಾ ಮಾರಾಯ,” ಅಂದೇಬಿಟ್ಟರು. ಕ್ಯಾಂಟೀನಿನವನು ‘ಹೋಗು’ ಅಂದು, ಪಾಪ ಅನ್ನಿಸಿತೋ ಏನೋ, ಸ್ವಲ್ಪ ತಡೆದು ‘ಬಾ’ ಸೇರಿಸಿದ. ಸಾಹೇಬರು ನಾನು ತೋರಿಸ್ತೀನಿ ತಡೀರಿ ಅಂತ ತೋಳು ಮಡಚಿ ಬಂದರು. ಒಂದು, ಎರಡು, ಮೂರು ಸರಿಯಾಯಿತು. ನಾಲ್ಕನೆಯದು — “ಹ್ಞೂಂ, ಹೋಗ್ಬಾ.”

ಮೈಕು ಕೆಳಗಿಟ್ಟು ಮರಳು ಚೀಲದ ಮೇಲೆ ಕೂತರು. ಹುಟ್ಟುಗುಣ ಸುಟ್ಟರೂ ಹೋಗದು ಅಂತ ಮಾವ ಗೊಣಗಿದರು. ಸಾಹೇಬರು ಬೈಯಲಿಲ್ಲ. ಅವರ ಮಗನೂ ಮುಂಚೂಣಿಯಲ್ಲೇ ಎಲ್ಲೋ ಇದ್ದಾನೆ ಅಂತ ಇವತ್ತು ಗೊತ್ತಾಯಿತು. ಇಷ್ಟು ದಿನ ಒಂದೇ ಕಾಂಪೌಂಡಿನಲ್ಲಿದ್ದು ಅದನ್ನೊಂದು ಮಾತು ಕೇಳಿರಲಿಲ್ಲ ನಾನು.


ಫೆಬ್ರವರಿ 17

ದಾರಿ ಸಿಕ್ಕಿದೆ. ಹೊರಟುಹೋದ ಗುಂಡುಗಳಿಗೆ ಇಲ್ಲಿಂದ ಕಳಿಸಬಹುದಾದದ್ದು ಒಂದೇ ಒಂದು — ದನಿ. ‘ಸಿದ್ಧ’ ಅನ್ನುವ ಆ ಮಾತನ್ನು ವೈರ್‌ಲೆಸ್‌ನಲ್ಲಿ ಬದಲಾಯಿಸಬಹುದಂತೆ. ತಟ್ಟೆಯಲ್ಲಿಟ್ಟ ಕೂಡಲೇ, ತುಂಬುವವರ ಕಿವಿಗೆ, ಪ್ರತಿ ಸಲ. ಆದೇಶ ಮರೆತರೂ ಗುಂಡೇ ನೆನಪಿಸುತ್ತದೆ. ಜಾಗ ಮಾತ್ರ ಒಂದು ಉಸಿರಿನಷ್ಟು.

ಸಾಹೇಬರು ಒಂದು ಪ್ಯಾರಾ ಬರೆದು ತಂದರು. ‘ಎಚ್ಚರಿಕೆ, ಆದೇಶದ ಪ್ರಕಾರ’ ಅನ್ನುವಷ್ಟರಲ್ಲಿ ಜಾಗ ಮುಗಿಯಿತು. ಕತ್ತರಿಸಿ ಕತ್ತರಿಸಿ ಉಳಿದದ್ದು ಎರಡೇ ಪದ. ‘ಹೋಗು ಅನ್ನು.’ ಅನ್ನಿ ಅಂತ ಬಹುವಚನ ಇರಲಿ ಅಂದರು ಸಾಹೇಬರು. ಗುಂಡು ತುಂಬುವಾಗ ಮರ್ಯಾದೆ ಯಾರಿಗೆ ಬೇಕು ಸಾರ್ ಅಂದರು ಮಾವ.

ಕಿವಿಗೆ ಹೆಡ್‌ಫೋನ್ ಹಾಕಿ ಕೂತೆ. ಬೆಳಗಿನಿಂದ ಹೇಳಿ ಹೇಳಿ ದನಿ ಒರಟಾಗಿತ್ತು. ಒಂದರಲ್ಲಿ ಗದರಿದ ಹಾಗಾಯಿತು, ಒಂದರಲ್ಲಿ ಅತ್ತ ಹಾಗಾಯಿತು. ಕೊನೆಗೆ ಕಣ್ಣು ಮುಚ್ಚಿ ಸ್ಟೇಷನ್ ನೆನೆಸಿಕೊಂಡೆ. ಮನೆ ಸ್ಟೇಷನ್ನಿನ ಹಿಂದೆಯೇ ಇತ್ತು. ಅವಳು ಹೋಂವರ್ಕ್ ಮಾಡುತ್ತಾ ನನ್ನ ದನಿಯನ್ನು ಲೌಡ್‌ಸ್ಪೀಕರಿನಲ್ಲಿ ಕೇಳುತ್ತಿದ್ದಳು. ಅಮ್ಮ ಮನೆಯಲ್ಲಿಲ್ಲ ಅನ್ನಿಸ್ತಾನೇ ಇರಲಿಲ್ಲ ಅಂತ ಒಮ್ಮೆ ಹೇಳಿದ್ದಳು. ಆ ದನಿಯಲ್ಲಿ ಹೇಳಿದೆ — ‘ಹೋಗು ಅನ್ನು, ಪಿಟೀಲು.’

ಇಂಜಿನಿಯರಮ್ಮ ಯಂತ್ರ ನಿಲ್ಲಿಸಿದಳು. ಕೊನೆಗೆ ಅದೇನು ಬಂತು ಅಕ್ಕಾ ಅಂದಳು. ಕೆಮ್ಮು ಅಂದೆ. ನನ್ನನ್ನೇ ನೋಡಿದಳು.

“ಕೆಮ್ಮು ಚೆನ್ನಾಗಿದೆ. ಇರಲಿ.”

ಸಂಜೆ ಕಳಿಸಿದರು. ಎಲ್ಲಾ ಗುಂಡುಗಳಿಗೂ.


ಫೆಬ್ರವರಿ 18

ಇಂಜಿನಿಯರಮ್ಮ ಹೊರಟಳು. ಜೀಪ್ ಹತ್ತುವಾಗ, “ಬರ್ತೀನಕ್ಕಾ,” ಅಂದಳು. ನನ್ನ ಬಾಯಿ ತೆರೆಯಿತು, ಮುಚ್ಚಿಕೊಂಡೆ. ತಲೆಯಾಡಿಸಿದೆ ಅಷ್ಟೇ. ಅರ್ಥ ಮಾಡಿಕೊಂಡಳು ಅಂದುಕೊಂಡಿದ್ದೇನೆ.

ನಾಳೆಯಿಂದ ಇಲ್ಲೂ ಮದ್ದು ತುಂಬಿದ ಗುಂಡುಗಳೇ. ಮಾವ ಫಿರಂಗಿಯ ಪಕ್ಕದಲ್ಲೇ ನಿಲ್ಲುತ್ತಾರೆ. ಹೋದ ಸಲ ಹಲ್ಲು ಹೋಯಿತು, ನನ್ನ ಬಾಯಿ ತಪ್ಪಿದರೆ ಈ ಸಲ ತಲೆಯೇ ಹೋಗುತ್ತದೆ. ಆ ಮಾತು ಇನ್ನು ನನ್ನ ನಾಲಿಗೆಯ ಮೇಲೆ ಬರಲೇಕೂಡದು, ಎಲ್ಲೂ, ಯಾರಿಗೂ. ಶುರು ಮಾಡಿದ್ದೇನೆ. ಲೈಟ್ ಆರಿಸುವಾಗ ಹೋಗು. ಚಹಾದ ಚರಟ ಚೆಲ್ಲುವಾಗ ಹೋಗು. ಬಚ್ಚಲ ನೀರಿಗೂ.

ಪಕ್ಕದ ರೂಮಿನಲ್ಲಿ ಅವಳ ತಲೆಯ ಕ್ಲಿಪ್ಪೊಂದು ಉಳಿದಿತ್ತು. ಎತ್ತಿಟ್ಟಿದ್ದೇನೆ.


ಫೆಬ್ರವರಿ 26

ಎಲ್ಲಾ ಹೋದವು. ಗುಡ್ಡದಾಚೆ ಸದ್ದು, ಕಿಟಕಿ ನಡುಗುತ್ತದೆ. ಮೊದಲು ಸದ್ದಿರಲಿಲ್ಲ, ಈಗ ಇದೆ. ಮಾವ ಬದುಕಿದ್ದಾರೆ.

ಫೋನ್ ಇಲ್ಲ.


ಮಾರ್ಚ್ 7

ರೇಡಿಯೋದಲ್ಲಿ ಮುಂಚೂಣಿ ‘ಸ್ಥಿರ’ ಅಂದರು. ಸ್ಥಿರ ಅಂದರೇನು ಅಂತ ಮಾವನನ್ನು ಕೇಳಿದೆ. ಅಡ್ಡಗೋಡೆ ಮೇಲೆ ದೀಪ ಇಟ್ಟಿದ್ದಾರೆ ಅಂದರು.

ಅಭ್ಯಾಸ ಗಟ್ಟಿಯಾಗಿದೆ. ನೆನಪಿಸಿಕೊಳ್ಳಬೇಕಾಗಿಯೇ ಇಲ್ಲ, ತಾನೇ ಬರುತ್ತದೆ. ಸಾಹೇಬರು ಶಹಭಾಸ್ ಅಂದರು. ಅವರ ಮಗನ ಕಾಗದ ಬಂದಿದೆಯಂತೆ. ಖುಷಿಯಾಯಿತು ಅಂದೆ. ಖುಷಿಯಾಗಿಯೇ ಇತ್ತು, ಆದರೂ ರೂಮಿಗೆ ಬಂದು ಫೋನ್ ಎತ್ತಿ ಲೈನ್ ಇದೆಯಾ ನೋಡಿದೆ.


ಮಾರ್ಚ್ 15, ಭಾನುವಾರ, ಸಂಜೆ

ಹೇಗೆ ಬರೆಯಲಿ. ಮೊದಲಿಂದ ಬರೆಯುತ್ತೇನೆ.

ಮಧ್ಯಾಹ್ನ ಬಟ್ಟೆ ಒಗೆಯುತ್ತಿದ್ದೆ. ಫೋನ್. ಸೋಪಿನ ಕೈಯಲ್ಲೇ ಎತ್ತಿದೆ. ಅವಳು. ಬದುಕಿದ್ದಾಳೆ, ದನಿ ಕಟ್ಟಿದೆ, ಬೈಯುತ್ತಿದ್ದಾಳೆ. ನನ್ನ ಮಾನ ಕಳೆದೆ ಅಮ್ಮಾ ಅಂದಳು. ಪಿಟೀಲು ಅನ್ನುವುದು ಗುಂಡಿನ ಹೆಸರು ಅಂತ ಇಡೀ ತುಕಡಿ ತಿಳಿದುಕೊಂಡಿತ್ತಂತೆ. ಎರಡು ಪಿಟೀಲು ತನ್ನಿ, ಪಿಟೀಲು ಮುಗೀತು, ಹೀಗೆ. ಅದು ಇವಳ ಹೆಸರು ಅಂತ ಹೇಗೋ ಗೊತ್ತಾದ ಮೇಲೂ ಹಾಗನ್ನುವುದನ್ನು ನಿಲ್ಲಿಸಲೇ ಇಲ್ಲವಂತೆ. ನಕ್ಕೂ ನಕ್ಕೂ ಸೆರಗಲ್ಲಿ ಕಣ್ಣೊರೆಸಿಕೊಂಡರೆ ಸೋಪು ಕಣ್ಣಿಗೆ ಹೋಯಿತು.

ಆಮೇಲೆ ಲೈನಿನಲ್ಲಿ ಗಾಳಿ.

“ಮೊದಲನೇದಕ್ಕೆ ನಾನು ಹೋಗಿ ಬಾ ಅಂತಲೇ ಅನ್ನೋಳಿದ್ದೆ ಅಮ್ಮಾ. ಬಾಯಿಗೆ ಬಂದಿತ್ತು. ಅಷ್ಟರಲ್ಲಿ ತಟ್ಟೆಯಿಂದ ನೀನು ಮಾತಾಡ್ದೆ. ಸ್ಟೇಷನ್ ದನೀಲಿ. ನಾನು ಹೋಗು ಅಂದೆ. ಹುಟ್ಟಿದಾಗಿಂದ ಮೊದಲನೇ ಸಲ ಅಂದೆ. ಹೋಯ್ತು.”

ಒಳ್ಳೇದಾಯ್ತು ಅಂದೆ.

“ಅಲ್ಲಿ ಯಾರೋ ಇದ್ರು, ಅಮ್ಮಾ.”

ಆ ಕಡೆ ಇದ್ದವರಿಗೂ ಬೆಳಿಗ್ಗೆ ಯಾರೋ ಅವರ ಭಾಷೆಯಲ್ಲಿ ಹೋಗಿ ಬಾ ಅಂದಿರುತ್ತಾರೆ. ನನ್ನ ಮಗಳು ಉಳಿದಳು ಅಂತ ನನಗೆ ಖುಷಿ. ನಾಚಿಕೆಯೂ ಆಯಿತು. ಎರಡೂ ಒಟ್ಟಿಗೆ ಆಯಿತು. ಸಾಕ್ಸ್ ಒಣಗಿದವಾ ಅಂತ ಕೇಳಿದೆ. ಒಣಗ್ತವೆ ಬಿಡು ಅಂದಳು. ಹಿಂದೆ ಯಾರೋ ಕೂಗಿದರು. ಆತುರಾತುರವಾಗಿ —

“ಬರ್ತೀನಮ್ಮಾ.”

ನಾನು ಅಂದೆ, “ಹೋಗು.”

ಅಷ್ಟೇ. ಸ್ಪಷ್ಟವಾಗಿ. ಮೈಕಿಗೆ ಹೇಳುವ ಹಾಗೆ. ಅಯ್ಯೋ ಅಲ್ಲ ಅಂದುಕೊಳ್ಳುವಷ್ಟರಲ್ಲಿ ಲೈನ್ ಹೋಯಿತು. ಅವಳು ಕೇಳಿಸಿಕೊಂಡಳೋ ಇಲ್ಲವೋ ಗೊತ್ತಿಲ್ಲ. ಕೇಳಿಸಿಕೊಂಡಿರುತ್ತಾಳೆ. ಎಲ್ಲಾ ಗದ್ದಲದಲ್ಲೂ ಸ್ಪಷ್ಟ ಅಂತ ತಾನೇ ನನ್ನನ್ನು ಇಲ್ಲಿಗೆ ಹಾಕಿದ್ದು.


ಮಾರ್ಚ್ 16

ಇಲಾಖೆಯ ಎಕ್ಸ್‌ಚೇಂಜಿಗೆ ಹೋಗಿ ಕೂತೆ. ಒಂದೇ ಮಾತು ಹೇಳಬೇಕು, ಎರಡೇ ಪದ ಅಂದೆ. ಆಪರೇಟರ್ ಹುಡುಗಿ ಒಳ್ಳೆಯವಳು, ಕಣ್ಣಲ್ಲಿ ನೀರು ತಂದುಕೊಂಡಳು, ಆದರೆ ಮುಂಚೂಣಿಗೆ ನಾವು ಮಾಡುವ ಹಾಗೇ ಇಲ್ಲವಂತೆ. ಅವರೇ ಮಾಡಬೇಕು.

ಮಾವನಿಗೆ ಹೇಳಿಕೊಂಡೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ಅತ್ತುಬಿಟ್ಟೆ. ಅವರು ಗ್ರೀಸಿನ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತರು.

“ನೀನು ಅಂದ ಮಾತಿನ ಹಾಗೇ ಹೋಗಿಬಿಡೋಕೆ ಅವಳೇನು ಗುಂಡೇನಮ್ಮಾ? ಮಗಳು. ಬರ್ತಾಳೆ.”

ಸಮಾಧಾನವಾಯಿತು. ರೂಮಿಗೆ ಬರುವಷ್ಟರಲ್ಲಿ ಅದೂ ಹೋಯಿತು.


ಮಾರ್ಚ್ 19

ರೇಡಿಯೋದಲ್ಲಿ ‘ಸ್ಥಿರ’ ಅನ್ನಲಿಲ್ಲ. ಏಳನೇ ತುಕಡಿ ಇರುವ ಕಡೆ ‘ಚಟುವಟಿಕೆ’ ಅಂದರು. ಮಾವ ರೇಡಿಯೋ ಆರಿಸಿದರು.

ಎಲ್ಲಾ ಹೋದವು.


ಮಾರ್ಚ್ 22

ಹೊಸ ಕಂತಿನ ಮೊದಲ ಗುಂಡುಗಳು ಬಂದವು. ಸರಿಪಡಿಸಿದ್ದು. ಇಂಜಿನಿಯರಮ್ಮ ಚೀಟಿ ಇಟ್ಟಿದ್ದಾಳೆ — ‘ಅಕ್ಕಾ, ಈಗ ಇದಕ್ಕೂ ಗೊತ್ತು ಹೋಗಿ ಬಾ ಅಂದ್ರೆ ಏನಂತ. ಹೋಗುತ್ತೆ, ಬರಲ್ಲ.’

ಅದನ್ನೇ ಪರೀಕ್ಷೆ ಮಾಡಬೇಕಿತ್ತು. ಮದ್ದಿಲ್ಲದ್ದು. ಸಾಹೇಬರು ನಗುತ್ತಾ ಮೈಕು ಕೊಟ್ಟರು, ಈಗ ಮನಸಾರೆ ಹೇಳಮ್ಮಾ, ನಿನ್ನ ಆ ಮಾತನ್ನೇ ಹೇಳು ಅಂದರು. ಗುಂಡು ಮೇಲೇರಿತು. ಕಾಯುತ್ತಿತ್ತು.

‘ಹೋಗು’ ಅಂದೆ.

ಇನ್ನೊಂದು ತುಂಬಿದರು. ‘ಹೋಗು.’ ಮೂರನೆಯದಕ್ಕೆ ಬಾಯಿ ತೆರೆದು, ‘ಹೋ’ ಅಂತ ಎಳೆದು, ಹಲ್ಲು ಕಚ್ಚಿ... ‘ಹೋಗು.’ ನಾಲಿಗೆ ಹೊರಳಲೇ ಇಲ್ಲ. ಯಾರೂ ನಗಲಿಲ್ಲ. ಮಾವ ಬಂದು ಮೈಕನ್ನು ನನ್ನ ಕೈಯಿಂದ ಬಿಡಿಸಿ ಎಬ್ಬಿಸಿದರು. ಕೊನೆಗೆ ಅವರೇ ಹೇಳಿದರು, ಸಲೀಸಾಗಿ. ಗುಂಡು ಹೋಯಿತು, ಬರಲಿಲ್ಲ. ಪರೀಕ್ಷೆ ಪಾಸು.


ಮಾರ್ಚ್ 24, ಬೆಳಿಗ್ಗೆ

ರಜೆ ಕೊಟ್ಟಿದ್ದಾರೆ. ಗಂಟಲಿಗೆ ಅಂತ ಬರೆದುಕೊಂಡರು ಸಾಹೇಬರು, ಒಳ್ಳೆಯ ಮನುಷ್ಯ. ನಿನ್ನೆಯಿಡೀ ಕನ್ನಡಿ ಮುಂದೆ ನಿಂತು ಹೇಳಿ ನೋಡಿದೆ. ಮೊದಲ ಪದ ಆದ ಮೇಲೆ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ.

ಫೋನ್ ಬಂದಾಗ ಹೀಗಾಗಬಾರದು. ಅವಳು ಬರ್ತೀನಿ ಅನ್ನುವುದಕ್ಕೆ ಕಾಯುವುದಿಲ್ಲ ಈ ಸಲ. ಎತ್ತಿದ ಕೂಡಲೇ ನಾನೇ ಮೊದಲು ಹೇಳುತ್ತೇನೆ. ಬೇರೆ ಯಾರದೋ ದನಿಯಾದರೂ ಸರಿ, ಏನು ಸುದ್ದಿಯಾದರೂ ಸರಿ, ಮೊದಲು ಅದನ್ನು ಹೇಳಿ ಆಮೇಲೆ ಕೇಳಿಸಿಕೊಳ್ಳುತ್ತೇನೆ.

ಕೈಗೆ ಕಲಿಸಿದರೆ ನಾಲಿಗೆ ಕಲಿಯುತ್ತದೆ ಅಂದಿದ್ದರಲ್ಲ. ಸ್ಟೂಲನ್ನು ಫೋನಿನ ಕೆಳಗೆ ಎಳೆದುಕೊಂಡು ಕೂತಿದ್ದೇನೆ. ಸ್ಟೌ ಹಚ್ಚಿಲ್ಲ, ಚಹಾ ಬೇಡ. ರಿಂಗ್ ಆಗುವವರೆಗೆ ಬರೆಯುತ್ತಲೇ ಇರುತ್ತೇನೆ.

ಹೋಗಿ ಬಾ. ಹೋಗಿ ಬಾ. ಹೋಗಿ ಬಾ. ಹೋಗಿ ಬಾ ಪಿಟೀಲು. ಹೋಗಿ ಬಾ. ಹೋಗಿ ಬಾ. ಹೋಗಿ ಬಾ ಕಂದಾ. ಹೋಗಿ ಬಾ. ಹೋಗಿ ಬಾ. ಹೋಗಿ